ರಕ್ತದ ಕ್ಯಾನ್ಸರಿನಿಂದ ಗುಣಹೊಂದಿದ ಸ್ತ್ರೀಯರ ದಾಂಪತ್ಯಸ್ವಾಸ್ಥ್ಯವೂ ಕನ್ನಡದ ಅಶ್ಲೀಲವಿಚಾರವೂ

೧

ಕಾವ್ಯದೋಷಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು ಅಶ್ಲೀಲವೆಂಬುದನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ನಾಚಿಕೆಯನ್ನು ಹುಟ್ಟಿಸುವುದು ವ್ರೀಡಾಶ್ಲೀಲ. ಹೇಸಿಗೆಯನ್ನು ಹುಟ್ಟಿಸುವುದು ಜುಗುಪ್ಸಾಶ್ಲೀಲ. ಅಶುಭವನ್ನು ನೆನಪಿಗೆ ತಂದು ಎದೆಗೆಡಿಸುವುದು ಅಮಂಗಳಾಶ್ಲೀಲ. ವಾಮನನಿಂದ ಮಮ್ಮಟನವರೆಗೆ ಈ ವಿಭಾಗವು ನಡೆದುಬಂದಿದೆ. ಕನ್ನಡದಲ್ಲಿ ದೊರೆತಿರುವ ಮೊದಲನೆಯ ಲಕ್ಷಣಗ್ರಂಥವಾದ ಕವಿರಾಜಮಾರ್ಗವೂ ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷವಿವೇಚನೆಗೇ ಮೀಸಲಿಟ್ಟಿರುವುದರಿಂದ, ಆಡತಕ್ಕುದಾವುದು ಆಡಬಾರದ್ದಾವುದು ಎಂಬ ಪ್ರಶ್ನೆ ನಮ್ಮವರಿಗೆ ಎಷ್ಟು ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ.

ಈ ಭಾಗವನ್ನು ನಾನು ಅನೇಕ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಮೂರು ಬಗೆಗೂ ಬೇರೆ ಬೇರೆ ಉದಾಹರಣೆಗಳು ಸುಲಭವಾಗಿ ದೊರೆಯುತ್ತವೆ. ಮೂರೂ ಒಂದೇ ಕಡೆ ಕೂಡಿದ ಉದಾಹರಣೆಯೊಂದನ್ನು ಮಾತ್ರ ನಾನು ಗ್ರಂಥಗಳಲ್ಲಿ ಕಂಡಿರಲಿಲ್ಲ. ಅದು ನನಗೆ ದೊರೆತದ್ದು ನನ್ನ ಮನೆಯ ನಡುಮನೆಯಲ್ಲಿ. ಅದನ್ನು ಕಂಡಾಗ ನಾನು ನಡೆದುಕೊಂಡ ರೀತಿಯು ನನಗೆ ಗೌರವವನ್ನು ತರತಕ್ಕದ್ದಲ್ಲವಾದರೂ, ವಿಷಯದ ಗೌರವದಿಂದ ಅದನ್ನು ಇಲ್ಲಿ ನಿವೇದಿಸುತ್ತೇನೆ.

ಹೊಳೆನರಸೀಪುರದ ನಮ್ಮ ಮನೆಗೆ ಒಂದು ಮಧ್ಯಾಹ್ನ ಹಿಂದೆ ನನ್ನಲ್ಲಿ ಅಮರವನ್ನೂ ಶಬ್ದಗಳನ್ನೂ ಓದಿದ್ದ ಹೆಣ್ಣುಮಗಳೊಬ್ಬಳು ಬಂದಳು. ಅವಳ ತೌರು ಅರಕಲಗೂಡಿನ ಸೀಮೆ, ಕೊಟ್ಟದ್ದು ಚನ್ನರಾಯಪಟ್ಟಣದ ಕಡೆಗೆ, ಅಲ್ಲಿ ಉಪಾಧ್ಯಾಯಿನಿ. ರಕ್ತದ ಕ್ಯಾನ್ಸರು ಬಂದು, ದೂರದ ಆಸ್ಪತ್ರೆಯೊಂದರಲ್ಲಿ ಬಹುಕಾಲ ಚಿಕಿತ್ಸೆಯಾಗಿ, ಗುಣವಾಗಿ ಬಂದವಳು. ಆಗ ಅವಳಿಗೆ ಮೂವತ್ತೆರಡು ವರ್ಷ. ಅವಳು ನನ್ನೊಡನೆ ಕುಶಲವನ್ನಷ್ಟೇ ಮಾತನಾಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮನೆಯವರು ಒಂದು ಕಾಗದವನ್ನು ಹಿಡಿದು ಹೊರಗೆ ಬಂದು, “ಇದರಲ್ಲಿ ವೈಫಲ್ಯ ಎಂದು ಬರೆದಿದೆಯಂತೆ. ತನ್ನಿಂದಲೇ ಏನೋ ತಪ್ಪಾಗಿದೆಯೇ ಎಂದು ಆ ಮಗು ಅಳುತ್ತಾಳೆ. ಹಾಗೆಂದರೇನು?” ಎಂದು ಕೇಳಿದರು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ತಿಳಿವಳಿಕೆಯ ಕಾಗದವದು. ಅದರಲ್ಲಿ ಎರಡು ವಾಕ್ಯಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು: “ಲೈಂಗಿಕ ಸಂಪರ್ಕವನ್ನು ವರ್ಜಿಸತಕ್ಕದ್ದು. ಅಂಡಾಶಯ ವೈಫಲ್ಯದಿಂದ ಲೈಂಗಿಕ ಅಪಸಾಮಾನ್ಯ ಕ್ರಿಯೆ ಉಂಟಾಗಬಹುದು.” ನಾನು ಓದಿದೆ, ಮುಖ ತಗ್ಗಿಸಿದೆ, “ಇದು ವೈದ್ಯರ ಪರಿಭಾಷೆ, ಅವರನ್ನೇ ಕೇಳಲಿ” ಎಂದು ಹೇಳಿ ಪುಸ್ತಕವನ್ನು ತೆರೆದೆ. ಪರಿಭಾಷೆಯೆಂಬ ಶಬ್ದದ ಮರೆಯಲ್ಲಿ ಒಬ್ಬ ಶಬ್ದಪಂಡಿತನು ಅಡಗಿಕೊಂಡನೆಂದೇ ಹೇಳಬೇಕು.

ಹತ್ತು ತಿಂಗಳು ಕಳೆದಮೇಲೆ ಮಿಕ್ಕ ಸಂಗತಿ ತಿಳಿಯಿತು. ಆ ಕಾಗದವು ಕೈಗೆ ಬಂದಂದಿನಿಂದ ಆ ದಂಪತಿಗಳು ಎರಡು ವರ್ಷಕ್ಕೂ ಮೇಲ್ಪಟ್ಟು ಒಂದೇ ಮನೆಯಲ್ಲಿ ಪರಸ್ಪರ ಅಪರಿಚಿತರಂತೆ ಬಾಳಿದ್ದರು. ಮೊದಲು ಬರವಣಿಗೆಯ ನಿಷೇಧದಿಂದ. ಅನಂತರ ಒಮ್ಮೆ ಪ್ರಯತ್ನಿಸಿದಾಗ ಆದ ನೋವಿನಿಂದ. ಕಡೆಗೆ, ತನ್ನ ರೋಗವು ಗಂಡನಿಗೆ ಅಂಟೀತೆಂಬ ಭಯದಿಂದ. ಹಾಸನದ ವೈದ್ಯೆಯೊಬ್ಬರು ಕಾಲುಗಂಟೆಯ ಮಾತಿನಲ್ಲಿ ಈ ಮೂರು ಗಂಟುಗಳನ್ನೂ ಬಿಡಿಸಿದರು. ಆ ಹೆಣ್ಣುಮಗಳ ಅನುಮತಿಯನ್ನು ಪಡೆದು, ಗುರುತು ಸಿಕ್ಕದಂತೆ ಇದನ್ನು ಬರೆದಿದ್ದೇನೆ. ಕಾಲುಗಂಟೆಯಲ್ಲಿ ಬಗೆಹರಿಯಬಹುದಾಗಿದ್ದುದು ಎರಡು ವರ್ಷ ಏಕೆ ನಿಂತಿತು? ಇದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ವಾಕ್ಯಶಾಸ್ತ್ರದ ಪ್ರಶ್ನೆ. ಆದಕಾರಣ ಸಾಹಿತ್ಯವಿಮರ್ಶೆಯ ಪ್ರಶ್ನೆ ಎಂಬುದೇ ಪ್ರಕೃತ ಲೇಖನದ ಅಭಿಪ್ರಾಯ.

೨

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ರಕ್ತದ ಕ್ಯಾನ್ಸರುಗಳಲ್ಲಿ ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಎಂಬ ಮೂರು ಮುಖ್ಯವಾದ ಕುಲಗಳಿವೆ. ಇವುಗಳಿಗೆ ಕೊಡುವ ಔಷಧಗಳ ಚರಿತ್ರೆ ವಿಚಿತ್ರವಾದುದು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೭ರಿಂದ, ಸೈನಿಕರ ಮೇಲೆ ಪ್ರಯೋಗಿಸಿದ ಮಸ್ಟರ್ಡ್ ಎಂಬ ವಿಷಾನಿಲದ ಜಾತಿಗೇ ಸೇರಿದ ನೈಟ್ರೊಜನ್ ಮಸ್ಟರ್ಡ್ ಎಂಬ ದ್ರವ್ಯವನ್ನು ೧೯೪೨ರಲ್ಲಿ ಅಮೆರಿಕದ ವೈದ್ಯರು ಲಿಂಫೋಮಾ ರೋಗಿಗೆ ಕೊಟ್ಟರು, ಗಡ್ಡೆಗಳು ಕರಗಿದುವು. ಇಂದು ಬಳಕೆಯಲ್ಲಿರುವ ಸೈಕ್ಲೊಫಾಸ್ಫಮೈಡ್ ಅದರದೇ ಸಂತತಿ. ಯುಕ್ತಿಯಿಂದ ಬಳಸಿದ ವಿಷವೇ ಔಷಧವಾಗುವುದೆಂದು ಚರಕನು ಸಾರಿದನು. ೧೪ನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನೇ ಕನ್ನಡದ ಚಂಪೂರೂಪಕ್ಕೆ ಇಳಿಸಿದನು. ಹೀಗಿರುವಲ್ಲಿ ವಿಷೌಷಧದ ಮಾತು ನಮ್ಮ ಭಾಷೆಗೆ ಹೊಸದೇನೂ ಅಲ್ಲ.

ವೇಗವಾಗಿ ಬೆಳೆಯುವ ಜೀವಕಣಗಳನ್ನು ಕೊಲ್ಲುವ ಈ ಔಷಧಗಳಲ್ಲಿ ಕೆಲವು ಅಂಡಾಶಯದ ಬೀಜಕೋಶಗಳನ್ನೂ ಕೊಲ್ಲುತ್ತವೆ. ಮೇಲೆ ಹೇಳಿದ ಸೈಕ್ಲೊಫಾಸ್ಫಮೈಡ್, ಬುಸಲ್ಫಾನ್ ಮೊದಲಾದುವೂ, ಅಸ್ಥಿಮಜ್ಜೆಯ ಕಸಿಗೆ ಮುಂಚೆ ಇಡೀ ಶರೀರಕ್ಕೆ ಕೊಡುವ ಕಿರಣಚಿಕಿತ್ಸೆಯೂ ಈ ವಿಷಯದಲ್ಲಿ ಬಲವಾದುವು. ಸ್ತ್ರೀಯ ವಯಸ್ಸು ಹೆಚ್ಚಿದಷ್ಟೂ, ಔಷಧದ ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು. ಕೆಲವರಿಗೆ ಮುಟ್ಟು ಮರಳಿ ಬರುತ್ತದೆ. ಕೆಲವರಿಗೆ ಮೂವತ್ತರಲ್ಲಿಯೇ ಐವತ್ತರ ಅವಸ್ಥೆ ಒದಗುತ್ತದೆ. ಆಗ ಮೈಯಲ್ಲಿ ಬಿಸಿ ಏರುವುದು, ನಿದ್ರೆ ಕೆಡುವುದು, ಎಲುಬು ಸವೆಯುವುದು, ಯೋನಿಯ ಒಳಚರ್ಮವು ತೆಳುವಾಗಿ ಒಣಗುವುದು, ಅದರಿಂದ ಕೂಟದಲ್ಲಿ ನೋವಾಗುವುದು, ನೋವಿನ ಭಯದಿಂದ ಆಸೆ ಹಿಂಜರಿಯುವುದು. ಇದರೊಡನೆ ಆಯಾಸ, ಕೂದಲು ಉದುರಿದ ತಲೆಯನ್ನು ಕನ್ನಡಿಯಲ್ಲಿ ಕಂಡ ನೆನಪು, ಮಕ್ಕಳಾಗದೆಂಬ ಚಿಂತೆ. ಪರರ ಮಜ್ಜೆಯನ್ನು ಕಸಿಮಾಡಿಸಿಕೊಂಡವರಲ್ಲಿ ಕೆಲವರಿಗೆ ಆ ಮಜ್ಜೆಯಿಂದ ಹುಟ್ಟಿದ ರಕ್ಷಕಕಣಗಳೇ ಒಡತಿಯ ದೇಹವನ್ನು ಪರಕೀಯವೆಂದು ಬಗೆದು ಎದುರಿಸುವುದುಂಟು. ಅದು ಗುಹ್ಯಭಾಗದಲ್ಲಿ ಆದರೆ ಹುಣ್ಣಾಗಿ, ಕಲೆಗಟ್ಟಿ, ದಾರಿ ಕಿರಿದಾಗುತ್ತದೆ. ಬೇಗ ಹೇಳಿಕೊಂಡರೆ ಲೇಪನೌಷಧಗಳಿಂದ ತಡೆಯಬಹುದು; ನಾಚಿ ಸುಮ್ಮನಿದ್ದರೆ ಕಷ್ಟಸಾಧ್ಯ. ಈ ಒಂದು ಸಂಗತಿಯಿಂದಲೇ ಮೌನವು ಇಲ್ಲಿ ಶೀಲವಲ್ಲ, ಅಪಾಯವೆಂಬುದು ಸಿದ್ಧವಾಗುತ್ತದೆ.

ಪರಿಹಾರಗಳೂ ಉಂಟು. ಒಣಗುವುದಕ್ಕೆ ತೇವವನ್ನುಳಿಸುವ ಲೇಪಗಳಿವೆ; ಕೂಟಕಾಲದಲ್ಲಿ ನೀರಿನಿಂದ ತಯಾರಾದ ಜಾರುಲೇಪಗಳಿವೆ; ವೈದ್ಯರು ಪರೀಕ್ಷಿಸಿ ಯುಕ್ತವೆಂದು ಕಂಡಲ್ಲಿ ಈಸ್ಟ್ರೊಜನ್ ಎಂಬ ಸ್ತ್ರೀರಸವನ್ನು ಲೇಪವಾಗಿಯೋ ಗುಳಿಗೆಯಾಗಿಯೋ ಕೊಡುತ್ತಾರೆ. ಕಾಲಾವಕಾಶವಿದ್ದಲ್ಲಿ ಚಿಕಿತ್ಸೆಗೆ ಮುಂಚೆಯೇ ಅಂಡಗಳನ್ನು ತೆಗೆದು ಶೀತದಲ್ಲಿ ಕಾಪಾಡಿಡುವ ಉಪಾಯವೂ ಇದೆ. ತೀವ್ರವಾದ ಲ್ಯುಕೇಮಿಯಾದಲ್ಲಿ ಮಾತ್ರ ಅಷ್ಟು ದಿನ ಕಾಯಲು ಅನೇಕವೇಳೆ ಸಾಧ್ಯವಾಗುವುದಿಲ್ಲ.

೩

ನಮ್ಮ ಪ್ರಾಚೀನಶಾಸ್ತ್ರವು ಈ ವಿಷಯದಲ್ಲಿ ಬಾಯಿಮುಚ್ಚಿಕೊಂಡಿತ್ತೆ? ಇಲ್ಲ. ಚರಕನು ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಹೆಸರಿಟ್ಟು ವರ್ಣಿಸುತ್ತಾನೆ; ಅವುಗಳಲ್ಲಿ ಶುಷ್ಕಾ ಎಂಬುದೂ ಒಂದು. ಸುಶ್ರುತನು ಆರ್ತವಕ್ಷಯಕ್ಕೆ ಹೇಳುವ ಲಕ್ಷಣಗಳು ಕಾಲಕ್ಕೆ ಕಾಣಿಸಿಕೊಳ್ಳದಿರುವುದು, ಅಲ್ಪವಾಗುವುದು, ಯೋನಿಯಲ್ಲಿ ವೇದನೆ ಎಂಬುವು. ಆ ಆಚಾರ್ಯರು ಇಂದಿನ ಔಷಧಗಳನ್ನು ಕಂಡಿದ್ದರೆಂದಾಗಲಿ, ಅವರ ಯೋಗಗಳಿಂದಲೇ ಇಂದಿನ ರೋಗಿಯು ಗುಣಹೊಂದುವಳೆಂದಾಗಲಿ ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಶಾಸ್ತ್ರಕ್ಕೂ ರೋಗಿಗೂ ಅಪಚಾರ. ಹೆಸರಿಡುವುದಕ್ಕೆ ಅವರು ನಾಚಲಿಲ್ಲವೆಂಬಷ್ಟೇ ನನ್ನ ತಾತ್ಪರ್ಯ.

ಆದರೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ವ್ಯಾಪತ್ತುಗಳಿಗೆ ಚರಕನು ನಾಲ್ಕು ಕಾರಣಗಳನ್ನು ಎಣಿಸುತ್ತಾನೆ: ಮಿಥ್ಯಾಚಾರ, ಆರ್ತವದೋಷ, ಬೀಜದೋಷ, ದೈವ. ಔಷಧವೇ ಕಾರಣವಾಗುವುದು ಈ ಎಣಿಕೆಯಲ್ಲಿಲ್ಲ. ಅದು ನಮ್ಮ ಕಾಲದ ಐದನೆಯ ಕಾರಣ. ಲೋಕವಾದರೋ ನಾಲ್ಕರಲ್ಲಿ ಮೊದಲನೆಯದನ್ನೂ ಕಡೆಯದನ್ನೂ ಮಾತ್ರ ನೆನಪಿನಲ್ಲಿಟ್ಟುಕೊಂಡಿತು: ಅವಳ ನಡತೆ, ಇಲ್ಲವೆ ಅವಳ ಹಣೆಬರಹ. ಹೀಗಾಗಿ ನಮ್ಮ ಹೆಣ್ಣುಮಕ್ಕಳ ಕಿವಿಗೆ ರೋಗದ ಹೆಸರು ಬೀಳುವ ಮುಂಚೆಯೇ ತಪ್ಪಿನ ಹೆಸರು ಬೀಳುತ್ತದೆ.

೪

ಈಗ ಆ ಕಾಗದದ ಶಬ್ದಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಇಂತಹ ಕಾಗದವನ್ನು ವಿಮರ್ಶೆಗೆ ಯೋಗ್ಯವಾದ ಗ್ರಂಥವೆಂದು ಭಾವಿಸುವರೇ ಎಂದು ಯಾರಾದರೂ ನಕ್ಕಾರು. ಒಬ್ಬಳು ಒಂದು ಕಾವ್ಯವನ್ನು ಓದುವುದಕ್ಕಿಂತ ಹೆಚ್ಚು ಸಲ, ಹೆಚ್ಚು ಏಕಾಗ್ರತೆಯಿಂದ, ಕಣ್ಣೀರಿನೊಡನೆ ಓದಿದ ವಾಕ್ಯವು ವಿಮರ್ಶೆಗೆ ಅಯೋಗ್ಯವೆಂದು ನಾನು ಒಪ್ಪಲಾರೆ.

ಶಿರೋನಾಮೆಯಲ್ಲಿದ್ದುದು ರಕ್ತಾರ್ಬುದ. ಶಬ್ದವು ಸುಂದರವಾಗಿದೆ, ಅರ್ಥವು ತಪ್ಪು. ಸುಶ್ರುತನು ಎಣಿಸುವ ಆರು ಅರ್ಬುದಗಳಲ್ಲಿ ರಕ್ತಾರ್ಬುದವೆಂಬುದು ರಕ್ತದೋಷದಿಂದ ಹುಟ್ಟಿ ರಕ್ತವನ್ನೊಸರುವ ಗಡ್ಡೆಯೇ ಹೊರತು ರಕ್ತದಲ್ಲಿಯೇ ವ್ಯಾಪಿಸಿದ ರೋಗವಲ್ಲ. ಹಳ್ಳಿಯವರು ಆಡುವ “ರಕ್ತದ ಕ್ಯಾನ್ಸರು” ಎಂಬುದೇ ಇಲ್ಲಿ ನಿರ್ದುಷ್ಟವಾದ ಪದ. ಪಂಡಿತರ ಶಬ್ದಕ್ಕಿಂತ ಪಾಮರರ ಶಬ್ದವು ಶಾಸ್ತ್ರಶುದ್ಧವಾಗಿರುವುದಕ್ಕೆ ಇದು ಉದಾಹರಣೆ.

ವೈಫಲ್ಯ. ಇದು ಆಂಗ್ಲಪದವೊಂದರ ನೆರಳು. ಆಂಗ್ಲವೈದ್ಯರೇ ಆ ಪದವು ಕಠೋರವೆಂದೂ ಅಯಥಾರ್ಥವೆಂದೂ ಕಂಡು, “ಕೊರತೆ” ಎಂಬರ್ಥದ ಪದವನ್ನು ಈಗ ಬಳಸುತ್ತಾರೆ. ಏಕೆಂದರೆ ಕೆಲವರಲ್ಲಿ ಅಂಡಾಶಯವು ಮತ್ತೆ ಆಗಾಗ್ಗೆ ಕೆಲಸಮಾಡುವುದುಂಟು. ನಾವು ಅವರು ಬಿಟ್ಟದ್ದನ್ನು ಹಿಡಿದುಕೊಂಡಿದ್ದೇವೆ. ಕನ್ನಡದ ಕಿವಿಗೆ ವಿಫಲವೆಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗದುದು, ಹಣ್ಣು ಬಿಡದ ಮರ, ಕಡೆಗೆ ಬಂಜೆ. “ಔಷಧದಿಂದ ಅಂಡಾಶಯದ ಶಕ್ತಿ ಕುಂದಿದೆ” ಎಂದರೆ ಕರ್ತೃವು ಔಷಧವಾಗುತ್ತದೆ; “ಅಂಡಾಶಯ ವೈಫಲ್ಯ” ಎಂದರೆ ಕರ್ತೃವು ಆ ಹೆಣ್ಣೇ ಆಗುತ್ತಾಳೆ. ಕಾರಕವು ಪಲ್ಲಟವಾದರೆ ಅಪರಾಧವೂ ಪಲ್ಲಟವಾಗುವುದು.

ಲೈಂಗಿಕ ಅಪಸಾಮಾನ್ಯ ಕ್ರಿಯೆ. ಅಪ ಎಂಬ ಉಪಸರ್ಗವು ಅಪಕೀರ್ತಿ, ಅಪಮಾನ, ಅಪಚಾರಗಳಲ್ಲಿ ಬಳಕೆಯಾಗಿ ನಮ್ಮವರಿಗೆ ನಿಂದೆಯನ್ನೇ ಸೂಚಿಸುವುದು. ನೋವಿನಿಂದ ನರಳುವವಳಿಗೆ ಇದು “ಅಸಹ್ಯವಾದ ನಡತೆ” ಎಂದು ಕೇಳಿಸಿತು. “ಕೂಡುವಾಗ ನೋವಾಗಬಹುದು, ಆಸೆ ಕಡಿಮೆಯಾಗಬಹುದು” ಎಂದು ಬರೆದಿದ್ದರೆ ಯಾವ ಗೌರವವು ಕೆಡುತ್ತಿತ್ತು?

ಮುಟ್ಟು ನಿಲ್ಲುವುದೆಂಬುದರಲ್ಲಿಯೂ ಒಂದು ತೊಡಕಿದೆ. ಹರೆಯದ ಸೊಸೆಯ ಮುಟ್ಟು ನಿಂತಿತೆಂದರೆ ನಮ್ಮ ಮನೆಗಳಲ್ಲಿ ಅತ್ತೆಯ ಮುಖವು ಅರಳುತ್ತದೆ. ಅದು ಗರ್ಭದ ವಾರ್ತೆ. ಅದೇ ವಾಕ್ಯವನ್ನು ಅದೇ ಪ್ರಾಯದವಳು ವಿರುದ್ಧಾರ್ಥದಲ್ಲಿ ಆಡಬೇಕಾದಾಗ ಅವಳ ಸಂಕಟವನ್ನು ಯಾವ ಶ್ಲೇಷವೂ ಚಿತ್ರಿಸಲಾರದು. ಇನ್ನೊಂದು ಅಪಾಯವೂ ಉಂಟು: ಚಿಕಿತ್ಸೆಯಿಂದ ಮುಟ್ಟು ನಿಂತಮಾತ್ರಕ್ಕೆ ಗರ್ಭವು ಸರ್ವಥಾ ನಿಲ್ಲದೆಂದು ನಂಬಬಾರದು, ಗರ್ಭಕ್ಕೆ ಹಾನಿಮಾಡುವ ಔಷಧವನ್ನು ಸೇವಿಸುವವರೆಗೂ ತಡೆಯುವ ಉಪಾಯವನ್ನು ಅನುಸರಿಸಲೇಬೇಕು.

ಎಲ್ಲಕ್ಕಿಂತ ಕ್ರೂರವಾದುದು “ವರ್ಜಿಸತಕ್ಕದ್ದು” ಎಂಬ ನಿಷೇಧ. ಮೀಮಾಂಸಕರು ವಿಧಿನಿಷೇಧಗಳಿಗೆ ನಿಮಿತ್ತವೇನು, ಅವಧಿಯೇನು ಎಂದು ಮೊದಲು ಕೇಳುತ್ತಾರೆ. ನಿಮಿತ್ತವು ಹೋದರೆ ನೈಮಿತ್ತಿಕವೂ ಹೋಗುವುದು ಸರ್ವಸಮ್ಮತವಾದ ನ್ಯಾಯ. ಇಲ್ಲಿ ನಿಮಿತ್ತವು ಔಷಧದ ದಿನಗಳಲ್ಲಿ ರಕ್ತದ ಬಿಳಿಯ ಕಣಗಳೂ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳೂ ತಗ್ಗುವುದು. ಆಗ ಸಣ್ಣ ಗಾಯದಿಂದಲೂ ರಕ್ತಸ್ರಾವ, ಸೋಂಕುಗಳ ಭಯವಿದೆ. ಕಣಗಳು ಮೊದಲಿನಂತಾದಮೇಲೆ ನಿಷೇಧಕ್ಕೆ ಆಧಾರವಿಲ್ಲ. ಕಾಗದವು ನಿಷೇಧವನ್ನು ಹೇಳಿ ನಿಮಿತ್ತವನ್ನೂ ಅವಧಿಯನ್ನೂ ಹೇಳಲಿಲ್ಲ. ಆ ದಂಪತಿಗಳು ನೈಮಿತ್ತಿಕವನ್ನು ನಿತ್ಯವೆಂದು ತಿಳಿದು ಪಾಲಿಸಿದರು. ಒಂದು ವಾಕ್ಯದಲ್ಲಿ ಕಾಲವಾಚಕಪದವೊಂದು ಲೋಪವಾದುದರ ಫಲ ಎರಡು ವರ್ಷ.

೫

ಕನ್ನಡಸಾಹಿತ್ಯವು ಇಂತಹವಳಿಗೆ ಏನನ್ನು ಕೊಟ್ಟಿದೆ? ಹಾಸನದ ಸೀಮೆಗೆ ಸೇರಿದ ದೋರಸಮುದ್ರದ ಆಸ್ಥಾನಕ್ಕೆ ಸಂಬಂಧಿಸಿದ ಜನ್ನನು ಯಶೋಧರಚರಿತೆಯನ್ನು ೧೨೦೯ರಲ್ಲಿ ಮುಗಿಸಿದವನು. ಅನುಭವಮುಕುರವೆಂಬ ಕಾಮಶಾಸ್ತ್ರಗ್ರಂಥವೂ ಅವನದೇ. ಇಂತಹ ಶಾಸ್ತ್ರಗಳ ನಾಯಿಕೆ ಆರೋಗ್ಯವತಿ, ಯುವತಿ. ಸಂಚಿಯ ಹೊನ್ನಮ್ಮನ ಹದಿಬದೆಯ ಧರ್ಮವು ಸತಿಯ ಕರ್ತವ್ಯಗಳನ್ನು ಬಹು ಸೊಗಸಾಗಿ ಹೇಳುತ್ತದೆ. ಸತಿಯ ಶರೀರಕ್ಕೆ ಆಗುವ ನೋವು ಅದರ ಅಧಿಕಾರಕ್ಕೆ ಬರುವುದಿಲ್ಲ. ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರು ನಗ್ನಸತ್ಯ ಮೊದಲಾದ ಕಾದಂಬರಿಗಳಿಗಾಗಿ ಅಶ್ಲೀಲದ ಆಪಾದನೆಗೆ ಗುರಿಯಾಗಿ, ಸಾಹಿತ್ಯ ಮತ್ತು ಕಾಮಪ್ರಚೋದನೆ ಎಂಬ ಗ್ರಂಥದಿಂದ ಉತ್ತರಕೊಟ್ಟುದು ಪ್ರಸಿದ್ಧ. ಆ ವಾದವೆಲ್ಲವೂ ಪ್ರಚೋದನೆಯನ್ನು ಕುರಿತದ್ದು. ವೇದನೆಯ ಅಶ್ಲೀಲವನ್ನು ಯಾರೂ ವಿಚಾರಿಸಲಿಲ್ಲ.

ಚನ್ನರಾಯಪಟ್ಟಣದ ಸೀಮೆಯ ಸಂತೇಶಿವರದಲ್ಲಿ ಹುಟ್ಟಿ ೨೦೨೫ರಲ್ಲಿ ಕಾಲವಾದ ಎಸ್. ಎಲ್. ಭೈರಪ್ಪನವರ ಗೃಹಭಂಗದಲ್ಲಿ ಪ್ಲೇಗುಮಾರಿಯ ವರ್ಣನೆಯು ಓದುಗರ ಎದೆಯನ್ನು ಹಿಂಡುತ್ತದೆ. ನಮ್ಮ ಕಥೆಗಳಲ್ಲಿ ರೋಗವು ಬಹುಮಟ್ಟಿಗೆ ಮರಣದಲ್ಲಿ ಮುಗಿಯುತ್ತದೆ. ಅದು ಕರುಣರಸಕ್ಕೆ ಅನುಕೂಲ. ಗುಣವಾಗಿ ಮನೆಗೆ ಬಂದವಳ ಕಥೆಯನ್ನು ಬರೆಯುವುದೇ ಕಷ್ಟ. ಅದನ್ನು ಬರೆದವರು ತ್ರಿವೇಣಿಯವರು. ಶರಪಂಜರದ ಕಾವೇರಿಗೆ ಬಂದದ್ದು ಮನೋವ್ಯಾಧಿ. ವೈದ್ಯರು ಅವಳು ಗುಣವಾದಳೆಂದರು. ಗಂಡನೂ ನೆರೆಹೊರೆಯೂ ಒಪ್ಪಲಿಲ್ಲ. ರೋಗವು ಬಿಟ್ಟರೂ ರೋಗಿಯೆಂಬ ಹೆಸರು ಬಿಡಲಿಲ್ಲ. ರಕ್ತದ ಕ್ಯಾನ್ಸರಿನಿಂದ ಗುಣವಾದವಳ ಶಯನಗೃಹಕ್ಕೂ ಈ ಕಾದಂಬರಿಯ ತತ್ತ್ವವು ಅಕ್ಷರಶಃ ಅನ್ವಯಿಸುತ್ತದೆ.

ಇನ್ನು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು (೧೯೩೪–೧೯೯೧). ದಾಂಪತ್ಯದೀಪಿಕೆ, ವಧುವಿಗೆ ಕಿವಿಮಾತು, ಸ್ತ್ರೀ ಸ್ವಾಸ್ಥ್ಯ ಸಂಹಿತೆ ಮೊದಲಾದ ಅವರ ಗ್ರಂಥಗಳು ಸಾವಿರಾರು ಮನೆಗಳಿಗೆ ಹೊಕ್ಕುವು. ಅವರು ಕಡೆಗೆ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕಿವಿಮಾತು ಎಂಬ ಶಬ್ದದ ಔಚಿತ್ಯವನ್ನು ಗಮನಿಸಬೇಕು. ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರಾಗಿ ವಿಂಗಡಿಸಿದನಷ್ಟೆ. ಆ ಕಾಗದವು ಪ್ರಭುವಿನಂತೆ ಆಜ್ಞಾಪಿಸಿತು. ಕಿವಿಮಾತು ಗೆಳತಿಯಂತೆ ಹೇಳುತ್ತದೆ. ಅದೇ ವಿಷಯವು ಕಿವಿಮಾತಾದಾಗ ಅಶ್ಲೀಲವಾಗುವುದಿಲ್ಲ. ನಮ್ಮ ಹಾಸನದ ಬಾನು ಮುಷ್ತಾಕರ ಕಥೆಗಳಿಗೆ ೨೦೨೫ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದು ಎಲ್ಲರಿಗೂ ಸಂತೋಷವನ್ನುಂಟುಮಾಡಿದೆ. ಒಮ್ಮೆ ಹೆಣ್ಣಾಗು ಪ್ರಭುವೇ ಎಂಬುದು ಅವರ ಒಂದು ಕಥೆಯ ಹೆಸರು. ಪ್ರಭುಸಂಮಿತವಾದ ವಾಕ್ಯಗಳನ್ನು ಬರೆಯುವವರೆಲ್ಲರೂ ಆ ಹೆಸರನ್ನು ತಮ್ಮನ್ನೇ ಕುರಿತ ಸಂಬೋಧನೆಯೆಂದು ಭಾವಿಸಬಹುದು.

೬

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. “ಇಂತಹ ವಿಷಯಗಳನ್ನು ಬಿಡಿಸಿ ಬರೆದರೆ ನಾಚಿಕೆಯೆಂಬ ಸ್ತ್ರೀಭೂಷಣವು ಅಳಿಯುವುದಲ್ಲವೆ? ವೈದ್ಯರ ಏಕಾಂತಕ್ಕೆ ಸೇರಿದುದನ್ನು ಸಾಹಿತಿಗಳು ಏಕೆ ಹೊರಗೆಳೆಯಬೇಕು?” ಎಂದು. ಈ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ನಾನೂ ಇದೇ ಪಕ್ಷದಲ್ಲಿದ್ದು ಪುಸ್ತಕವನ್ನು ತೆರೆದವನು.

ಸಮಾಧಾನವೇನೆಂದರೆ, ವಾಮನನು ಅಶ್ಲೀಲವನ್ನು ಹೇಳಿದ ಕೂಡಲೆ ಅದರ ಅಪವಾದಗಳನ್ನೂ ಹೇಳಿದ್ದಾನೆ. ಲೋಕದ ಬಳಕೆಯು ಯಾವ ಶಬ್ದವನ್ನು ಹೊದಿಸಿ ಕಾಪಾಡಿದೆಯೋ ಅದರಲ್ಲಿ ದೋಷವಿಲ್ಲ. ಭಗಿನಿಯೆಂಬ ಶಬ್ದದ ಅವಯವಾರ್ಥವನ್ನು ಯಾರು ನೆನೆಯುತ್ತಾರೆ? ದಂಡಿಯೂ ಈ ಶಬ್ದವನ್ನು ಎಲ್ಲೆಡೆಯೂ ಒಪ್ಪಿದ್ದಾನೆ. ಆದುದರಿಂದ ಶಬ್ದವು ಸ್ವಭಾವದಿಂದ ಅಶ್ಲೀಲವಲ್ಲ. ಬಳಕೆಯ ಹೊದಿಕೆಯಿಲ್ಲದೆ ಬತ್ತಲೆ ನಿಂತಾಗ ಅಶ್ಲೀಲ. ಯೋನಿಯ ಒಣಗುವಿಕೆ, ಕೂಟದ ನೋವು ಎಂಬ ಮಾತುಗಳಿಗೆ ಆ ಹೊದಿಕೆಯನ್ನು ನೇಯುವವರು ಯಾರು? ವೈದ್ಯರಿಗೆ ಕಾಲವಿಲ್ಲ, ರೋಗಿಗೆ ಧೈರ್ಯವಿಲ್ಲ. ಅದು ಭಾಷೆಯನ್ನು ಜೀವನೋಪಾಯವಾಗಿ ಪಡೆದ ನಮ್ಮ ಕೆಲಸ. ಕ್ಷೇಮೇಂದ್ರನು ಔಚಿತ್ಯವನ್ನೇ ರಸದ ಜೀವವೆಂದನು. ಗುಣವಾಗಿ ಬಂದವಳಿಗೆ ಅವಳ ಶರೀರದ ವಾರ್ತೆಯನ್ನು ತಿಳಿಯದಂತೆ ಹೇಳುವುದಕ್ಕಿಂತ ದೊಡ್ಡ ಅನೌಚಿತ್ಯವುಂಟೆ?

ಕನ್ನಡಕ್ಕೆ ಆ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ೧೯೩೭ರಲ್ಲಿ ನಮ್ಮ ಹೊಳೆನರಸೀಪುರಕ್ಕೆ ಬಂದು ನೆಲೆಸಿದ ಅಧ್ಯಾತ್ಮಪ್ರಕಾಶ ಕಾರ್ಯಾಲಯದಿಂದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಾಂಕರಭಾಷ್ಯಗಳನ್ನು ಕನ್ನಡದಲ್ಲಿ ತಿಳಿಯುವಂತೆ ಬರೆದುಕೊಟ್ಟರು. ಅಧ್ಯಾಸವನ್ನು ತಿಳಿಯಹೇಳಬಲ್ಲ ಭಾಷೆಗೆ ಶರೀರವನ್ನು ತಿಳಿಯಹೇಳುವುದು ಅಸಾಧ್ಯವೆ? ಬರಿಯ ಖಂಡನದಿಂದ ಪ್ರಯೋಜನವಿಲ್ಲವಾದ್ದರಿಂದ, ಮೇಲೆ ಹೇಳಿದ ವೈದ್ಯೆಯವರಿಗೆ ತೋರಿಸಿ ತಿದ್ದಿಸಿಕೊಂಡ ಒಂದು ಮಾದರಿಯನ್ನು ಕೊಡುತ್ತೇನೆ:

“ಅಮ್ಮಾ, ನಿಮ್ಮ ರೋಗ ಯಾರಿಗೂ ಅಂಟುವುದಿಲ್ಲ. ಔಷಧದ ದಿನಗಳಲ್ಲಿ, ರಕ್ತದ ಕಣಗಳು ಕಡಿಮೆಯಿರುವಾಗ, ಗಂಡ ಹೆಂಡಿರ ಕೂಟ ಬೇಡ. ಕಣಗಳು ಸರಿಹೋದಮೇಲೆ ವೈದ್ಯರು ಹೇಳುತ್ತಾರೆ, ಆಮೇ‌ಲೆ ತಡೆಯಿಲ್ಲ. ಔಷಧದಿಂದ ಅಂಡಾಶಯದ ಶಕ್ತಿ ಕುಂದಿರಬಹುದು. ಅದರಿಂದ ಮುಟ್ಟು ಬರದೆ ಇರಬಹುದು, ಒಳಗೆ ಒಣಗಿ ನೋವಾಗಬಹುದು, ಆಸೆ ಕಡಿಮೆಯಾಗಬಹುದು. ಇದು ನಿಮ್ಮ ತಪ್ಪಲ್ಲ. ಇದಕ್ಕೆ ಔಷಧವಿದೆ. ಮುಟ್ಟು ಬರದಿದ್ದರೂ ಗರ್ಭ ನಿಲ್ಲಬಹುದು. ಆದ್ದರಿಂದ ವೈದ್ಯರನ್ನು ಕೇಳಿಕೊಳ್ಳಿ. ಹುಣ್ಣು, ಉರಿ, ಬಿಗಿತ ಕಂಡರೆ ತಡಮಾಡದೆ ಹೇಳಿ. ನಿಮ್ಮ ಯಜಮಾನರಿಗೂ ಇದನ್ನು ಓದಲು ಕೊಡಿ.”

ಇದರಲ್ಲಿ ನಾಚಿಕೆಯೂ ಹೇಸಿಗೆಯೂ ಅಮಂಗಳವೂ ಎಲ್ಲಿವೆಯೆಂದು ಸಹೃದಯರು ಪರೀಕ್ಷಿಸಬೇಕು. ಹಾಸನದಲ್ಲಿ ೧೯೯೨ರಿಂದ ಆಯುರ್ವೇದ ಮಹಾವಿದ್ಯಾಲಯವೊಂದಿದೆ. ೨೦೦೬ರಿಂದ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ನಾಲ್ಕು ತಾಲ್ಲೂಕುಗಳ ಕನ್ನಡ ಅಧ್ಯಾಪಕರು ಅಲ್ಲಿಯ ವೈದ್ಯರೊಡನೆ, ವಿಶೇಷವಾಗಿ ವೈದ್ಯೆಯರೊಡನೆ, ಕುಳಿತು ಇಂತಹ ಕಾಗದಗಳನ್ನು ವಾಕ್ಯವಾಕ್ಯವಾಗಿ ಶೋಧಿಸುವುದಾದರೆ ಅದು ಯಾವ ತಾಳೆಯೋಲೆಯ ಪರಿಷ್ಕರಣಕ್ಕೂ ಕಡಿಮೆಯಾದ ಕಾರ್ಯವಲ್ಲ.

ಆ ಹೆಣ್ಣುಮಗಳು ಈ ಮಾದರಿಯನ್ನು ಓದಿ ನನ್ನ ಮನೆಯವರ ಮೂಲಕ ಒಂದೇ ಮಾತನ್ನು ಹೇಳಿಕಳುಹಿಸಿದಳು: “ಗುರುಗಳು ಅಂದೇ ಇಷ್ಟು ಹೇಳಬಹುದಿತ್ತು.” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ದೋಷವು ನನ್ನದೆಂದು ಒಪ್ಪಿಕೊಂಡು, ಇಲ್ಲಿರುವ ಲೋಪಗಳನ್ನು ವಿದ್ವಾಂಸರು ತಿದ್ದಬೇಕೆಂದು ಬೇಡುತ್ತ ವಿರಮಿಸುತ್ತೇನೆ.